ತಿರುವಿ ನೋಡದ ಹಾಳೆ

ನಾನು ಒಂದು ಹಾಳೆಯನ್ನು ತಿರುವಿ ನೋಡಲಿಲ್ಲ. ನನ್ನ ತಪ್ಪು ಅಷ್ಟೇ. ಒಂದು ಸಾಲಿನಲ್ಲಿ ಮುಗಿಯುವ ಈ ಮಾತನ್ನು ಬಾಯಿಬಿಟ್ಟು ಹೇಳಲು ನನಗೆ ಏಳು ತಿಂಗಳು ಹಿಡಿಯಿತು. ಅಷ್ಟು ದಿನವೂ ಆ ತಪ್ಪನ್ನು ಹೊತ್ತದ್ದು ನನ್ನ ಅಕ್ಕನ ಬಲಗೈ.

ಅಕ್ಕ ರೊಟ್ಟಿ ಬಡಿಯುವವಳು. ಶಹಾಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎರಡು ಒಲೆ ಹೂಡಿಕೊಂಡು ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಾಳೆ. ಗಂಡ ತೀರಿಕೊಂಡ ಮೇಲೆ ಗೋಗಿಯಿಂದ ನಮ್ಮ ಮನೆಗೆ ಬಂದವಳು ಮೊದಲ ದಿನವೇ ನನ್ನ ಹೆಂಡತಿಗೆ ಹೇಳಿದ್ದಳು: "ನೋಡವ್ವಾ, ನಾ ಇಲ್ಲಿ ಉಣ್ಣಾಕ ಬಂದಿಲ್ಲ, ಉಣಿಸಾಕ ಬಂದೀನಿ." ಹಾಗೆಯೇ ನಡೆದುಕೊಂಡಳು. ಬೆಳಗಾಗುವ ಮುಂಚೆ ಶುರುವಾಗುವ ಅವಳ ಅಂಗೈಯ ಸದ್ದು ನಮ್ಮ ಓಣಿಗೆ ಗಡಿಯಾರ. ಅವಳ ರೊಟ್ಟಿ ಎತ್ತಿ ಹಿಡಿದರೆ ಆಚೆ ಕಡೆಯ ಬೆಳಕು ಕಾಣಬೇಕು. ಇಲ್ಲದಿದ್ದರೆ ಅದನ್ನು ಅವಳು ಬುಟ್ಟಿಗೆ ಹಾಕುತ್ತಿರಲಿಲ್ಲ.

ನನ್ನದು ಬಸ್‌ಸ್ಟ್ಯಾಂಡಿನ ಹತ್ತಿರ ಚಹಾದಂಗಡಿ. ಆರನೆಯ ಇಯತ್ತೆಯವರೆಗೆ ಶಾಲೆ ಕಲಿತಿದ್ದೇನೆ. ಅಕ್ಕ ಶಾಲೆಯ ಹೊಸ್ತಿಲು ದಾಟಲಿಲ್ಲ. ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಆ ಹೊಸ್ತಿಲವರೆಗೆ ಬಂದು ಬಿಟ್ಟುಹೋಗುತ್ತಿದ್ದಳು, ಅಷ್ಟೇ. ಆದ್ದರಿಂದಲೋ ಏನೋ, ನಾನು ಕಲಿತ ನಾಲ್ಕು ಅಕ್ಷರದ ಮೇಲೆ ಅವಳಿಗೆ ನನಗಿಂತ ಹೆಚ್ಚು ಅಭಿಮಾನ. ಲೈಟ್ ಬಿಲ್ಲು ಬರಲಿ, ಲಗ್ನಪತ್ರಿಕೆ ಬರಲಿ, ಪಕ್ಕದ ಮನೆಯವರ ಕೋರ್ಟಿನ ಕಾಗದವೇ ಬರಲಿ, "ನನ್ನ ತಮ್ಮ ಓದ್ತಾನ, ಕೊಡ್ರಿ ಇಲ್ಲೆ" ಎಂದು ಕಸಿದುಕೊಂಡು ನನ್ನ ಮುಂದೆ ಹಿಡಿಯುತ್ತಿದ್ದಳು. ಕನ್ನಡವನ್ನು ನಾನು ನಿಧಾನವಾಗಿ ಓದುತ್ತೇನೆ. ಇಂಗ್ಲಿಷ್ ಬಂದರೆ ತುಟಿ ಅಲ್ಲಾಡಿಸಿ, ಗೊತ್ತಿದ್ದಷ್ಟರಿಂದ ಏನೋ ಒಂದು ಹೇಳಿ ಪಾರಾಗುತ್ತಿದ್ದೆ. ಹೀಗೆ ಪಾರಾಗುವುದು ನನಗೆ ರೂಢಿಯಾಗಿತ್ತು.

ದೀಪಾವಳಿ ಮುಗಿದ ವಾರ ಅಕ್ಕ ಖಾನಾವಳಿಯ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಎಡಗೈಯಲ್ಲಿ ರೊಟ್ಟಿಯ ಬುಟ್ಟಿ ಇತ್ತು. ಬುಟ್ಟಿ ಬಿಟ್ಟಿದ್ದರೆ ಎರಡೂ ಕೈ ಊರಬಹುದಿತ್ತು. ಅವಳು ಬುಟ್ಟಿಯನ್ನು ಎತ್ತಿ ಹಿಡಿದು ಪೂರ್ತಿ ಮೈಭಾರವನ್ನು ಬಲಗೈಯ ಮೇಲೆ ಹಾಕಿದಳು. ರೊಟ್ಟಿ ಒಂದೂ ಮುರಿಯಲಿಲ್ಲ. ಮಣಿಕಟ್ಟು ಎರಡು ಕಡೆ ಮುರಿಯಿತು.

ಯಾದಗಿರಿಯ ಒಂದು ಆಸ್ಪತ್ರೆಯಲ್ಲಿ ಸರ್ಕಾರದ ಆರೋಗ್ಯ ಕಾರ್ಡಿನ ಮೇಲೆ ಆಪರೇಷನ್ ಆಯಿತು. ಒಳಗೆ ಲೋಹದ ಪಟ್ಟಿ ಕೂರಿಸಿದರು. ನಮ್ಮ ಕೈಯಿಂದ ಒಂದು ಪೈಸೆ ಹೋಗಲಿಲ್ಲ. ಅಕ್ಕ ಹಾಸಿಗೆಯಲ್ಲಿ ಮಲಗಿಯೇ ಆ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, "ಈ ಫೋಟೋದಾಗ ಕಳ್ಳಿ ಹಂಗ ಕಾಣ್ತೀನಲ್ಲೋ. ಆದ್ರೂ ನಂಬಿ ಕೈ ಮಾಡಿಕೊಟ್ರು ನೋಡು" ಎಂದು ನಕ್ಕಳು.

ಡಿಸ್ಚಾರ್ಜ್ ದಿನ ಅಕ್ಕ ನನ್ನ ಹೆಂಡತಿಯ ಜೊತೆ ಸೀರೆ ಬದಲಿಸಲು ಬಚ್ಚಲಿಗೆ ಹೋಗಿದ್ದಳು. ವಾರ್ಡಿನ ನರ್ಸ್ ಬಂದು ಒಂದು ಹಾಳೆ ಕೊಟ್ಟಳು. "ಅಣ್ಣಾರ, ಹಿಂದಗಡಿ ಎಲ್ಲಾ ಬರ್ದೀನ್ರಿ, ಮನಿಗಿ ಹೋಗಿ ಓದ್ರಿ, ಮರೀಬ್ಯಾಡ್ರಿ" ಎಂದಳು. ಬಸ್ಸಿನ ಹೊತ್ತು ಎಣಿಸುತ್ತಿದ್ದ ನಾನು "ಹ್ಞೂಂರಿ, ಹ್ಞೂಂರಿ" ಎಂದೆ. ಅವಳ ಮಾತು ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ. ಅಷ್ಟರಲ್ಲಿ ಅಕ್ಕ ಬಂದಳು. ಪಕ್ಕದ ಮಂಚದ ಮುದುಕಿ, "ಏನ್ ಬರ್ದಾರವ್ವಾ ಕಾಗದದಾಗ?" ಎಂದು ಕೇಳಿತು.

"ನನ್ನ ತಮ್ಮ ಓದ್ತಾನ, ಕೇಳು" ಎಂದಳು ಅಕ್ಕ. ನಾಲ್ಕೈದು ಮಂಚದವರು ನನ್ನ ಕಡೆ ತಿರುಗಿದರು.

ಮೇಲಿನ ಪುಟದಲ್ಲಿ ಇದ್ದದ್ದೆಲ್ಲ ಇಂಗ್ಲಿಷು. ತುಟಿ ಅಲ್ಲಾಡಿಸಿದೆ. ಚಿಕ್ಕಂದಿನಲ್ಲಿ ಗೋಗಿಯ ಕಡೆ ಎಲುಬು ಕಟ್ಟುವ ಮುದುಕನೊಬ್ಬನಿದ್ದ. ಬಿದಿರಿನ ದಬ್ಬೆ ಕಟ್ಟಿ, "ಅಲ್ಲಾಡಿಸಿದಿ ಅಂದ್ರ ಎಲುಬು ಕೂಡಂಗಿಲ್ಲ ಮಗನ" ಎಂದು ಹೆದರಿಸುತ್ತಿದ್ದ. ಅದೇ ನೆನಪಾಯಿತು. "ಕೈ ಅಲ್ಲಾಡಿಸಬಾರದಂತ. ಬೆರಳು ಸೈತ. ಎಲುಬು ಕೂಡೋತನಕ ಹಂಗ ಇಡಬೇಕಂತ" ಎಂದು ಗಟ್ಟಿಯಾಗಿ ಹೇಳಿದೆ. ಮುದುಕಿ ತಲೆದೂಗಿತು. ಅಕ್ಕ ಹೆಮ್ಮೆಯಿಂದ ಸುತ್ತ ನೋಡಿದಳು. ಹಾಳೆಯನ್ನು ಮಡಚಿ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದೆ. ಮನೆಯಲ್ಲಿ ದೇವರ ಜಗಲಿಯ ಮೇಲೆ ಫೋಟೋದ ಹಿಂದೆ ಇಟ್ಟೆ. ನಮ್ಮ ಮನೆಯಲ್ಲಿ ಮುಖ್ಯವಾದ ಕಾಗದಗಳೆಲ್ಲ ಅಲ್ಲಿಯೇ ಇರುತ್ತವೆ. ಅಲ್ಲಿಟ್ಟರೆ ಯಾರೂ ಮುಟ್ಟುವುದಿಲ್ಲ, ಯಾರೂ ಓದುವುದೂ ಇಲ್ಲ.

ಹೊಲಿಗೆಯನ್ನು ಹತ್ತಿರದ ಡಾಕ್ಟರ ಕಡೆ ಬಿಚ್ಚಿಸಿದೆವು. ಕೈಯನ್ನು ಮಾತ್ರ ಬಟ್ಟೆಯ ಜೋಳಿಗೆಯಲ್ಲಿ ಮಲಗಿಸಿಯೇ ಇಟ್ಟೆವು. ಒಂದು ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಅಕ್ಕ ಚಾದರದ ಒಳಗೆ ಏನೋ ಮಾಡುತ್ತಿದ್ದಳು. ಎಳೆದು ನೋಡಿದರೆ ಬೆರಳು ಮಡಚಿ ಬಿಚ್ಚಿ ಮಾಡುತ್ತಿದ್ದಾಳೆ!

"ಏನ್ ಮಾಡಾಕತ್ತಿ ಅಕ್ಕಾ? ಡಾಕ್ಟ್ರು ಏನ್ ಬರ್ದಾರ?"

"ಕೈ ಕೇಳಾಕತ್ತದೋ ತಮ್ಮಾ. ಸುಮ್ಮ ಇರಾಕ ಒಲ್ಲೆ ಅಂತದ."

"ಕೈ ಕೇಳ್ತದಂತ! ಕೈಗೇನ ಸಾಲಿ ಗೊತ್ತದ? ಕಾಗದದಾಗ ಬರ್ದದ, ಸುಮ್ಮ ಇಡು."

ಊರಿಗೆಲ್ಲ ಬುದ್ಧಿ ಹೇಳುವ ನನ್ನ ಅಕ್ಕ ಕಾಗದದ ಮಾತಿಗೆ ತಲೆಬಾಗಿ ಕೈಯನ್ನು ಜೋಳಿಗೆಗೆ ಹಾಕಿಕೊಂಡಳು. ಈಗಲೂ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ಅವಳ ಕೈ ಸರಿಯಾದದ್ದನ್ನೇ ಕೇಳಿತ್ತು.

ಸಂಕ್ರಾಂತಿಯ ಭೋಗಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಆಗಲೇಬೇಕು. ಎರಡೂವರೆ ತಿಂಗಳಾಯಿತು, ಎಲುಬು ಕೂಡಿರುತ್ತದೆ ಎಂದು ಅಕ್ಕ ಒಲೆಯ ಮುಂದೆ ಕೂತಳು. ಹಿಟ್ಟಿನ ಮೇಲೆ ಅಂಗೈ ಊರಲು ಹೋದರೆ ಮಣಿಕಟ್ಟು ಹಿಂದಕ್ಕೆ ಬಾಗಲೇ ಇಲ್ಲ. ಬೆರಳುಗಳು ಅರ್ಧ ಮಡಚಿದ ಹಾಗೆಯೇ ನಿಂತಿದ್ದವು, ಒಣಗಿದ ಬೇರಿನಂತೆ. ಹಿಟ್ಟಿನ ಮೇಲೆ ಬಿದ್ದದ್ದು ಅಂಗೈಯಲ್ಲ, ಗೆಣ್ಣುಗಳು. ಅವಳು ಎರಡು ಸಲ, ಮೂರು ಸಲ ಪ್ರಯತ್ನಿಸಿದಳು. ಆಮೇಲೆ ಎದ್ದು ಹಿಟ್ಟು ನಾದುವ ಪರಾತವನ್ನು ನನ್ನ ಹೆಂಡತಿಯ ಕಡೆ ಸರಿಸಿ, "ನೀ ಮಾಡವ್ವಾ, ನಂದು ಮುಗೀತು ಕಾಣ್ತದ" ಎಂದಳು. ಅವಳ ಬಾಯಲ್ಲಿ 'ಮುಗೀತು' ಎಂಬ ಮಾತನ್ನು ನಾನು ಎಂದೂ ಕೇಳಿರಲಿಲ್ಲ.

ಸಂಕ್ರಾಂತಿಯ ಮರುದಿನವೇ ಅವಳನ್ನು ಶಹಾಪುರದಲ್ಲಿ ಒಬ್ಬ ಫಿಜಿಯೋಥೆರಪಿಸ್ಟರ ಬಳಿಗೆ ಕರೆದುಕೊಂಡು ಹೋದೆ. ಬೋರ್ಡು ದೊಡ್ಡದಿತ್ತು. ಅಕ್ಕನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಕಾಗದಗಳೊಂದಿಗೆ ನಾನು ಒಳಗೆ ಹೋದೆ. ಅವರು ಮುಂದಿನ ಪುಟ ನೋಡಿದರು. ಹಾಳೆಯನ್ನು ತಿರುವಿದರು. ಓದಿದರು.

"ಇದನ್ನ ಓದಿಲ್ಲೇನ್ರಿ ನೀವು?"

ಹಿಂದಿನ ಪುಟದಲ್ಲಿ ಗುಂಡಗಿನ ಅಕ್ಷರದಲ್ಲಿ, ಕನ್ನಡದಲ್ಲಿ, ನಾನು ಓದಬಲ್ಲ ಕನ್ನಡದಲ್ಲಿ ಬರೆದಿತ್ತು: ಇವತ್ತಿನಿಂದಲೇ ಗಂಟೆಗೊಮ್ಮೆ ಬೆರಳು ಮಡಚಿ ಬಿಚ್ಚಿ ಮಾಡಬೇಕು. ಹೊಲಿಗೆ ಬಿಚ್ಚಿದ ಕೂಡಲೇ ಇಲ್ಲಿಗೇ ಬಂದು ಕೈಯ ವ್ಯಾಯಾಮ ಕಲಿಯಬೇಕು. ಹದಿನೈದು ದಿನದೊಳಗೆ ಬಂದರೆ ಕಾರ್ಡಿನಲ್ಲೇ ಆಗುತ್ತದೆ. ಕೆಳಗೆ ಗೆರೆ ಎಳೆದು, 'ಕೈ ಸುಮ್ಮನೆ ಇಟ್ಟರೆ ಬಿಗಿಯುತ್ತದೆ' ಎಂದು ಬರೆದಿತ್ತು.

ಎರಡು ಸಲ ಓದಿದೆ. ಅವರು, ಇಲ್ಲಿ ಕಾರ್ಡ್ ನಡೆಯುವುದಿಲ್ಲ, ಪ್ರತಿ ಸಲವೂ ಫೀಸು ಕೊಡಬೇಕು, ತಿಂಗಳುಗಟ್ಟಲೆ ಬರಬೇಕಾಗುತ್ತದೆ ಎಂದು ನೇರವಾಗಿ ಹೇಳಿದರು. ನಮ್ಮ ಶಕ್ತಿಗೆ ಅದು ಮೀರಿದ ಮಾತು. ಹೊರಗೆ ಬಂದೆ.

"ಏನಂದ್ರು?"

"ಕಾರ್ಡ್ ನಡಿಯಂಗಿಲ್ಲಂತ ಇಲ್ಲಿ. ಮದಲ ಕೈಗೆ ಕಸರತ್ತು ಮಾಡಿಸಬೇಕಿತ್ತಂತ."

"ಮದಲ ಮಾಡಿಸಬೇಕಿತ್ತಾ? ಮತ್ತ ಯಾದಗಿರಿಯವ್ರು ಸುಮ್ಮ ಇಡು ಅಂತ ಬರದು, ಇದನ್ನ ಯಾಕ ಹೇಳ್ಲಿಲ್ಲ?"

ಒಂದು ಉಸಿರಿನಷ್ಟು ಹೊತ್ತು ಇತ್ತು. ಅಲ್ಲೇ ಹೇಳಿಬಿಡಬಹುದಿತ್ತು. "ಹೇಳಬೇಕಾಗಿತ್ತು ಅವ್ರು" ಎಂದೆ.

ಹಾಳೆ ತಿರುವದೆ ಇದ್ದದ್ದು ಅಲಕ್ಷ್ಯ. ಅಕ್ಕನಿಗೆ ಹೀಗೆ ಹೇಳಿದ್ದು ಸುಳ್ಳು. ಅಂದಿನಿಂದ ಅಕ್ಕ ಆ ನರ್ಸಿಗೆ ಬೈಯಲು ಶುರುಮಾಡಿದಳು. "ಒಂದ್ ಮಾತ ಹೇಳಿದ್ರ ಆಕಿ ಗಂಟೇನ ಹೋಗ್ತಿತ್ತು?" ಎಂದು ಬಂದವರ ಮುಂದೆಲ್ಲ ಹೇಳುವಳು. ನಾನು ಚಹಾದ ಕೆಟಲಿಯ ಕಡೆ ಮುಖ ತಿರುಗಿಸುವೆ.

ಯಾದಗಿರಿಯ ಆ ಆಸ್ಪತ್ರೆಗೆ ಒಬ್ಬನೇ ಹೋಗಿ ಕಾರ್ಡಿನ ಕಿಟಕಿಯಲ್ಲಿ ಕೇಳಿದೆ. ಆಪರೇಷನ್ನಿನ ಲೆಕ್ಕದ ಅವಧಿ ಮುಗಿದಿದೆ, ಈಗ ಕಾರ್ಡಿನಲ್ಲಿ ದಿನದಿನದ ವ್ಯಾಯಾಮ ಬರುವುದಿಲ್ಲ ಎಂದರು. ಅವರು ಹೇಳಿದ್ದು ನಿಯಮ. ಮತ್ತೊಂದು ಬೋರ್ಡು ಹುಡುಕಿ ಕೇಳಿದೆ, ಅಲ್ಲಿಯೂ ಕಾರ್ಡ್ ಇಲ್ಲ. ಮನೆಗೆ ಬಂದು, "ಇಷ್ಟ ಅಕ್ಕಾ. ಕಾರ್ಡ್ ಎಲ್ಲೂ ನಡಿಯಂಗಿಲ್ಲ" ಎಂದೆ.

"ಎಷ್ಟು ಕಡಿ ಕೇಳಿದಿ?"

"ಮೂರು ಕಡಿ."

"ಮೂರು ಕಡಿ ಕೇಳಿದ್ರ ಲಗ್ನಕ್ಕ ಹೆಣ್ಣು ಸಿಗಂಗಿಲ್ಲ, ದವಾಖಾನಿ ಸಿಗ್ತದ? ನಿನಗ ಹೆಣ್ಣು ಹುಡುಕಾಕ ನಾ ಎಷ್ಟು ಊರು ತಿರಗೀನಿ ಗೊತ್ತದೇನು?"

ನನ್ನ ಹೆಂಡತಿ ಒಳಗಿನಿಂದ ನಕ್ಕದ್ದು ಕೇಳಿಸಿತು.

ಮರುದಿನದಿಂದ ಅಕ್ಕ ತಾನೇ ಹೊರಟಳು. ಕಾರ್ಡಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಳು. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ. "ನೀ ಬಂದ್ರ ನಿನ್ನ ಟಿಕೆಟಿನ ದಂಡ, ಅಂಗಡಿ ನೋಡ್ಕೋ" ಎಂದು ನನ್ನನ್ನು ಬಿಟ್ಟುಹೋದಳು. ನಾನು ಬೋರ್ಡು ಓದುವವನು, ಅವಳು ಮನುಷ್ಯರನ್ನು ಕೇಳುವವಳು. ಫಿಜಿಯೋಥೆರಪಿ ಎಂಬ ಮಾತು ಅವಳ ಬಾಯಿಗೆ ಬರುತ್ತಿರಲಿಲ್ಲ. "ಕೈ ಮಣಿಸೋ ಡಾಕ್ಟ್ರು ಎಲ್ಲಿ ಅದಾರ್ರಿ, ಈ ಕಾರ್ಡ್ ತಗೊಳ್ಳೋರು?" ಎಂದು ಬಸ್ಸಿನಲ್ಲಿ ಪಕ್ಕ ಕೂತವರನ್ನೆಲ್ಲ ಕೇಳಿದಳು. ಔಷಧಿ ಅಂಗಡಿಯಲ್ಲಿ ಕೇಳಿದಳು. ಕೋಲು ಊರಿಕೊಂಡು ನಡೆಯುವವರನ್ನು ದಾರಿಯಲ್ಲಿ ನಿಲ್ಲಿಸಿ, "ನೀವು ಯಾರ ಕಡಿ ತೋರಿಸ್ತೀರಿ?" ಎಂದು ಕೇಳಿದಳು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂದು ನಮ್ಮ ಅವ್ವ ಅನ್ನುತ್ತಿದ್ದದ್ದು ಇವಳನ್ನು ನೋಡಿಯೇ ಇರಬೇಕು.

ಶಿವರಾತ್ರಿಯ ಹಿಂದಿನ ದಿನ ಸಂಜೆ ಅಕ್ಕ ನನ್ನ ಅಂಗಡಿಯ ಮುಂದೆ ಬಸ್ಸಿನಿಂದ ಇಳಿದಳು. ಮುಖವೆಲ್ಲ ಧೂಳು.

"ಸಕ್ರಿ ಜಾಸ್ತಿ ಹಾಕಿ ಒಂದ್ ಚಾ ಕೊಡು. ಸಿಕ್ಕಾಳ."

"ಯಾರು?"

"ಕೈ ಮಣಿಸಾಕಿ. ಸುರಪುರದ ಸರ್ಕಾರಿ ದವಾಖಾನಿಯಾಗ. ವಾರಕ್ಕ ಮೂರು ದಿನ ಇರ್ತಾಳಂತ. ಕಾರ್ಡ್ ತೋರಿಸಿದ್ರ ಸಾಕಂತ."

"ಯಾರು ಹೇಳಿದ್ರು?"

"ಬಸ್ಸಿನ ಕಂಡಕ್ಟರ್. ಆವನ ಭುಜ ಹಿಡದಿತ್ತಂತ, ಆಕಿನ ಬಿಡಿಸ್ಯಾಳ. ಈಗ ಎರಡೂ ಕೈಲೆ ಟಿಕೆಟ್ ಹರೀತಾನ ನೋಡು."

ಸರ್ಕಾರಿ ದವಾಖಾನೆ ಎಂದರೆ ಜ್ವರಕ್ಕೆ, ಸೂಜಿಗೆ ಎಂದಷ್ಟೇ ನಾನು ತಿಳಿದಿದ್ದೆ. ಅಲ್ಲಿ ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಮೊದಲ ದಿನ ಹಳೆಯ ಕಾಗದ ಬೇಕೆಂದದ್ದರಿಂದ ನಾನೂ ಹೋದೆ. ಕಾಲುವೆಯ ನೀರಿನ ಭತ್ತದ ಗದ್ದೆಗಳನ್ನು ದಾಟಿ ಬಸ್ಸು ಸುರಪುರದ ಗುಡ್ಡಗಳ ಕಡೆ ಹೊರಳಿತು. ಗಳಿಗೆಗೊಮ್ಮೆ ಜೇಬು ಮುಟ್ಟಿಕೊಳ್ಳುತ್ತಿದ್ದೆ. ಹಾಳೆ ಅಲ್ಲೇ ಇತ್ತು. ದವಾಖಾನೆಯಲ್ಲಿ ಸಣ್ಣ ಕೋಣೆ. ಎರಡು ಮಂಚ, ಕಿಟಕಿಯ ಸರಳಿಗೆ ಕಟ್ಟಿದ ಒಂದು ಹಗ್ಗ ಮತ್ತು ರಾಟೆ, ಬಿಸಿನೀರಿನ ಬೋಗುಣಿ. ಕೈ ಮಣಿಸುವ ಡಾಕ್ಟರಮ್ಮ ಗುರುಮಠಕಲ್ ಕಡೆಯವಳು, ವಯಸ್ಸು ಮೂವತ್ತರ ಒಳಗೆ. ಅಕ್ಕನ ಕೈಯನ್ನು ಮುಟ್ಟುವ ಮೊದಲು ತನ್ನ ಕೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡಳು. ಅದನ್ನು ನೋಡಿಯೇ ನನಗೆ ಅವಳ ಮೇಲೆ ಗೌರವ ಹುಟ್ಟಿತು.

ಹಾಳೆ ಕೇಳಿದಳು. ಕೊಟ್ಟೆ. ತಿರುವಿದಳು. ಓದಿ, ತಲೆ ಎತ್ತಿ ನನ್ನನ್ನೇ ನೋಡಿದಳು.

"ಅವ್ರು ಏನೂ ಹೇಳ್ಲಿಲ್ರಿ ಡಾಕ್ಟ್ರಮ್ಮಾ" ಎಂದಳು ಅಕ್ಕ. "ಹೇಳಿದ್ರ ನಾವು ಬಿಡ್ತಿದ್ದಿಲ್ಲ. ನನ್ನ ತಮ್ಮ ಓದಿದಾವ."

ಆಕೆ ಮತ್ತೆ ನನ್ನನ್ನು ನೋಡಲಿಲ್ಲ. ಹಾಳೆಯನ್ನು ಮಡಚಿ ನನ್ನ ಕೈಗಿಟ್ಟಳು. "ಆದದ್ದು ಆತಮ್ಮಾ. ಈಗರ ಬಂದೀರಲ್ಲ. ಪೂರಾ ಬರ್ತದ ಅಂತ ನಾ ಸುಳ್ಳ ಹೇಳಂಗಿಲ್ಲ. ಆದ್ರ ನೀವು ಅತ್ತರೂ ನಾ ಬಿಡಂಗಿಲ್ಲ. ಕೈ ಕೊಡ್ರಿ."

"ಬಿಟ್ರ ನಾ ಬಿಡಂಗಿಲ್ಲ ನಿಮ್ಮನ್ನ" ಎಂದಳು ಅಕ್ಕ.

ಎರಡನೆಯ ವಾರ ಆಕೆ ಹಿಸುಕಲು ಒಂದು ರಬ್ಬರಿನ ಚೆಂಡು ಕೊಟ್ಟಳು. ಅಕ್ಕ ಅದನ್ನು ಹಿಸುಕಿ ನೋಡಿ, "ಇದು ಮಕ್ಕಳ ಆಟದ್ದಲ್ರೀ? ನನ್ನ ಕೈಗೆ ಇದರ ಪರಿಚಯ ಇಲ್ಲ. ಹಿಟ್ಟಾದ್ರ ಗುರ್ತು ಹಿಡೀತದ" ಎಂದಳು. ಬೇರೆಯವರಾಗಿದ್ದರೆ ನಕ್ಕು ಬಿಡುತ್ತಿದ್ದರು. ಆಕೆ ಯೋಚಿಸಿದಳು. ರೊಟ್ಟಿ ಹೇಗೆ ಬಡಿಯುತ್ತೀರಿ, ತೋರಿಸಿ ಎಂದಳು. ಅಕ್ಕ ಎಡಗೈಯಿಂದ ಗಾಳಿಯಲ್ಲಿ ಬಡಿದು ತೋರಿಸಿದಳು. ಮಣಿಕಟ್ಟು ಎಲ್ಲಿ ಬಾಗುತ್ತದೆ, ಭಾರ ಎಲ್ಲಿ ಬೀಳುತ್ತದೆ, ಬೆರಳು ಯಾವಾಗ ಹರಡುತ್ತವೆ ಎಂದು ಆಕೆ ಹತ್ತು ಸಲ ಮಾಡಿಸಿ ನೋಡಿದಳು. "ಮುಂದಿನ ಸಲ ಹಿಟ್ಟು ತಗೊಂಡ್ ಬರ್ರಿ" ಎಂದಳು.

ಅಕ್ಕ ಎಸರು ಹೊಯ್ದು ಕಲಸಿದ ಜೋಳದ ಹಿಟ್ಟನ್ನು ಡಬ್ಬಿಯಲ್ಲಿ ತುಂಬಿಕೊಂಡು ಹೋದಳು. ಬೆಚ್ಚಗಿನ ಹಿಟ್ಟಿನಲ್ಲಿ ಕೈ ಮುಳುಗಿಸಿ ಮೊದಲು ನಾದುವುದು, ಆಮೇಲೆ ಅಂಗೈ ಊರುವುದು, ಕಡೆಗೆ ಬಡಿಯುವುದು. ಸರದಿಯಲ್ಲಿ ಕೂತ ಮಂಡಿನೋವಿನ ಅಜ್ಜ, "ಯವ್ವಾ, ಬಡಿಯೋದು ಮುಗಿದ ಮ್ಯಾಲ ಹಂಚು ಎಲ್ಲದ? ನಮಗೂ ಒಂದ್ ಹಾಕು" ಎಂದ. "ನಿನ್ನ ಮಂಡಿ ಮಡಚಿ ತೋರಿಸು, ಹಾಕ್ತೀನಿ" ಎಂದು ಅಕ್ಕ ತಿರುಗಿಸಿ ಕೊಟ್ಟಳು. ಕೋಣೆಯೆಲ್ಲ ನಕ್ಕಿತು. ಆ ಡಾಕ್ಟರಮ್ಮ ಮಣಿಕಟ್ಟು ಎಷ್ಟು ಬಾಗಿತೆಂದು ಒಂದು ಅಳತೆಪಟ್ಟಿ ಹಿಡಿದು ನೋಡಿ ಬರೆದುಕೊಳ್ಳುತ್ತಿದ್ದಳು. ಅಕ್ಕನ ಅಳತೆ ಬೇರೆ. ಮೊದಲು ಹಪ್ಪಳದಷ್ಟು, ಆಮೇಲೆ ಚಹಾದ ತಟ್ಟೆಯಷ್ಟು. ಯುಗಾದಿ ದಾಟಿದ ಮೇಲೆ ಪರಾತದ ಅರ್ಧ.

ಮನೆಯಲ್ಲಿ ಬೆಳಿಗ್ಗೆ, ಸಂಜೆ ಅವಳ ಮಣಿಕಟ್ಟನ್ನು ಹಿಂದಕ್ಕೆ ಒತ್ತುವ ಕೆಲಸ ನನ್ನದು. ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಳ್ಳುವಳು. ಕಣ್ಣಿನಿಂದ ನೀರು ಇಳಿಯುವುದು. ಸೆರಗು ತೆಗೆದು, "ನಿನ್ನ ಕೈ ಸೇದಿ ಹೋಗಲಿ, ಬಿಡೋ!" ಎನ್ನುವಳು. ನಾನು ಬಿಟ್ಟರೆ, "ಬಿಡು ಅಂದ್ರ ಬಿಡ್ತಿಯೇನೋ? ಒತ್ತು!" ಎನ್ನುವಳು. ಆ ನೋವು ಇಷ್ಟೊಂದು ಆಗಬೇಕಾಗಿರಲಿಲ್ಲ ಎಂಬುದು ನನಗೊಬ್ಬನಿಗೆ ಗೊತ್ತಿತ್ತು. ಬಿಸಿಲು ಕಾದ ಬಸ್ಸಿನಲ್ಲಿ ಮೂರು ತಿಂಗಳು ಅವಳು ಒಂದು ದಿನವೂ ತಪ್ಪಿಸಲಿಲ್ಲ. ಆ ಡಾಕ್ಟರಮ್ಮನೂ ತಪ್ಪಿಸಲಿಲ್ಲ. ಇಬ್ಬರಲ್ಲಿ ಯಾರು ಹೆಚ್ಚು ಹಟಮಾರಿ ಎಂದು ಹೇಳಲು ನನಗೆ ಬರುವುದಿಲ್ಲ.

ರೋಹಿಣಿ ಮಳೆಯ ಹೊತ್ತಿಗೆ ನಮ್ಮ ಓಣಿ ಮತ್ತೆ ಅವಳ ಸದ್ದಿಗೆ ಎದ್ದಿತು. ಸದ್ದು ಮೊದಲಿನಂತಿಲ್ಲ. ನಾಲ್ಕು ಬಡಿತಕ್ಕೊಮ್ಮೆ ಒಂದು ತಡವರಿಕೆ ಇದೆ. ರೊಟ್ಟಿಯ ಒಂದು ಅಂಚು ತುಸು ದಪ್ಪ. ಮಣಿಕಟ್ಟು ಪೂರ್ತಿ ಬಾಗುವುದಿಲ್ಲ, ಇನ್ನು ಬಾಗುವುದೂ ಇಲ್ಲವಂತೆ. ಅಕ್ಕ ಆ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಬುಟ್ಟಿಗೆ ಹಾಕಿದಳು.

ಕೈಯೊಳಗಿನ ಪಟ್ಟಿ ಹೇಗಿದೆ ಎಂದು ನೋಡಿಸಲು ಯಾದಗಿರಿಗೆ ಹೋದೆವು. ಡಾಕ್ಟರು ಎಕ್ಸರೇ ನೋಡಿ ಸರಿ ಇದೆ ಎಂದರು. ಹೊರಗೆ ಬಂದ ಅಕ್ಕ ಬಸ್‌ಸ್ಟ್ಯಾಂಡಿನ ಕಡೆ ತಿರುಗಲಿಲ್ಲ. ಮೆಟ್ಟಿಲ ಕಡೆ ನಡೆದಳು.

"ಎಲ್ಲಿಗೆ ಅಕ್ಕಾ?"

"ಮ್ಯಾಲ ವಾರ್ಡಿಗೆ. ಆ ನರ್ಸಿಗೆ ಒಂದ್ ಮಾತ ಕೇಳದ ಬಸ್ ಹತ್ತಂಗಿಲ್ಲ ನಾ. ನನಗಾದದ್ದು ಇನ್ನೊಬ್ಬಾಕಿಗೆ ಆಗಬಾರದು."

"ಬ್ಯಾಡ ಬಾ, ಬಸ್ ಹೋಗ್ತದ" ಎಂದೆ. ಅವಳು ಆಗಲೇ ಅರ್ಧ ಮೆಟ್ಟಿಲು ಏರಿದ್ದಳು.

ನರ್ಸ್ ಅಲ್ಲಿಯೇ ಇದ್ದಳು. ಅಕ್ಕನನ್ನು ಕಂಡ ಕೂಡಲೇ ಗುರುತು ಹಿಡಿದು, "ಅಯ್ಯ, ರೊಟ್ಟಿ ಅಕ್ಕಾರ! ಕೈ ಹ್ಯಾಂಗದ್ರಿ, ತೋರಿಸ್ರಿ" ಎಂದು ಎದ್ದು ಬಂದಳು. ಬಲಗೈಯನ್ನು ತನ್ನೆರಡು ಕೈಯಲ್ಲಿ ಹಿಡಿದು ಬಾಗಿಸಿ ನೋಡಿದಳು. ಅವಳ ಮುಖ ಸಣ್ಣದಾಯಿತು. "ಇಷ್ಟ ಬಂದದೇನ್ರಿ? ಕಸರತ್ತಿಗೆ ಬರ್ಲೇ ಇಲ್ಲಲ್ರಿ ನೀವು. ನಾ ದಾರಿ ನೋಡಿದೆ."

"ದಾರಿ ನೋಡಿದ್ಯಾ?" ಅಕ್ಕನ ದನಿ ಏರಿತು. "ಬಾ ಅಂತ ಹೇಳಿದ್ರ ಬರ್ತಿದ್ದೆ. ಒಂದ್ ಮಾತ ಹೇಳ್ಲಾರದ ಕಳಿಸಿ ಈಗ ದಾರಿ ನೋಡಿದೆ ಅಂತಿಯಲ್ಲವ್ವಾ..."

ನರ್ಸ್ ಗಾಬರಿಯಾಗಿ ನನ್ನ ಕಡೆ ನೋಡಿದಳು. ನಾಲ್ಕೈದು ಮಂಚದವರು, ಅಂದಿನಂತೆಯೇ, ನಮ್ಮ ಕಡೆ ತಿರುಗಿದ್ದರು. ಹಾಳೆ ನನ್ನ ಜೇಬಿನಲ್ಲಿತ್ತು. ತೆಗೆದೆ. ತಿರುವಿದೆ. ಗುಂಡಗಿನ ಅಕ್ಷರಗಳನ್ನು ಮೊದಲನೆಯ ಸಾಲಿನಿಂದ ಕಡೆಯ ಗೆರೆಯವರೆಗೆ, ತಡವರಿಸುತ್ತ, ಗಟ್ಟಿಯಾಗಿ ಓದಿದೆ.

"ಇವ್ರು ಹೇಳಿದ್ರು ಅಕ್ಕಾ. ಬಾಯಿಲೂ ಹೇಳಿದ್ರು, ಕನ್ನಡದಾಗ ಬರದೂ ಕೊಟ್ರು. ಮುಂದಿನ ಪುಟ ನನಗ ಓದಾಕ ಬರ್ಲಿಲ್ಲ, ಬರಂಗಿಲ್ಲ ಅಂತ ಹೇಳಾಕ ನಾಚಿಕಿ ಬಂತು. ಹಿಂದಿನ ಪುಟ ತಿರುವಿ ನೋಡ್ಲಿಲ್ಲ. ಅಲ್ಲಾಡಿಸಬ್ಯಾಡ ಅಂದಾವ ಡಾಕ್ಟರಲ್ಲ, ನಾನು. ಸಂಕ್ರಾಂತಿ ಮರುದಿನ ಗೊತ್ತಾದ ಮ್ಯಾಲೂ ಇವ್ರ ಮ್ಯಾಲ ಹಾಕಿದೆ. ಸಿಸ್ಟರ್, ನಿಮ್ಮ ಕಡಿಂದ ಏನೂ ತಪ್ಪಿಲ್ರಿ. ಅಕ್ಕಾ, ನಿನ್ನ ಕೈ ನಾ ಕೆಡಿಸಿದೆ. ತಪ್ಪಾತು ಅಕ್ಕಾ. ನಂದು ತಪ್ಪಾತು."